ಬಿತ್ತನೆಗಷ್ಟೇ ಅಲ್ಲ, ಕೊಯ್ಲಿಗೂ ಬೇಕು ಮಳೆ ಲೆಕ್ಕ

ಮಾನ್ಯ ಸಂಪಾದಕರೆ,

ಮುಂಗಾರು ಹತ್ತು ದಿನ ತಡವಾದರೆ ಸಾಕು, ಜಿಲ್ಲಾ ಕೇಂದ್ರಗಳಲ್ಲಿ ಬರ ಪರಿಶೀಲನಾ ಸಭೆ ಶುರುವಾಗುತ್ತದೆ. ಬಿತ್ತನೆ ಬೀಜ ಎಷ್ಟಿದೆ, ಗೊಬ್ಬರ ಎಷ್ಟಿದೆ, ಮೇವು ಎಷ್ಟು ವಾರಕ್ಕಾಗುತ್ತದೆ, ಟ್ಯಾಂಕರ್ ಎಷ್ಟು ಬೇಕು ಎಂದು ಎಲ್ಲಕ್ಕೂ ಲೆಕ್ಕ ಕೇಳುತ್ತಾರೆ. ಕೇಳಲೇಬೇಕು. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಖುಷ್ಕಿ (ಮಳೆಯಾಶ್ರಿತ) ಬೇಸಾಯಕ್ಕೆ ಪೆಟ್ಟು ಬೀಳುತ್ತಿರುವುದು ಬಿತ್ತನೆಯ ಹೊತ್ತಿನಲ್ಲಿ ಮಾತ್ರ ಅಲ್ಲ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ, ರಾಗಿ ತೆನೆ ಬಲಿತು ನಿಂತ ಮೇಲೆ, ಗೊಬ್ಬರ, ಕೂಲಿ, ಉಳುಮೆ ಎಲ್ಲದರ ಖರ್ಚೂ ಮುಗಿದ ಮೇಲೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಆ ಆರು ವಾರಗಳಿಗೆ ಸಿದ್ಧ ಯೋಜನೆ ಎಂಬುದು ಕಾಣುತ್ತಿಲ್ಲ. ಹವಾಮಾನ ಬದಲಾವಣೆ ಎಂದರೆ ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ ಹಾಕುವ ಅಭ್ಯಾಸ ಪತ್ರಿಕೆಗಳಿಗೂ ಇದೆ, ಇಲಾಖೆಗಳಿಗೂ ಇದೆ.

2021ರಿಂದ 2023ರವರೆಗಿನ ಮೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿ. 2021ರ ನವೆಂಬರ್‌ನಲ್ಲಿ ಈ ಭಾಗದಲ್ಲಿ ದಿನಗಟ್ಟಲೆ ಮಳೆ ಸುರಿದು ಕೊಯ್ಲಿಗೆ ಬಂದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆಯಿತು. 2022ರಲ್ಲಿ ಮುಂಗಾರೇ ಅತಿಯಾಯಿತು. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬರಕ್ಕೆಂದೇ ಹೊಸೆದ ಯೋಜನೆ ಈ ಮೂರರಲ್ಲಿ ಒಂದು ವರ್ಷಕ್ಕೆ ಮಾತ್ರ ಒದಗುತ್ತದೆ.

‘ಅಕ್ಟೋಬರ್ ಕೊನೆ, ನವೆಂಬರ್‌ನ ಸ್ವಾತಿ, ವಿಶಾಖೆ ಮಳೆ ನಮ್ಮ ಅಜ್ಜನ ಕಾಲದಲ್ಲೂ ಬರುತ್ತಿತ್ತು, ಇದರಲ್ಲಿ ಹೊಸದೇನು’ ಎಂದು ಕೇಳುವವರಿದ್ದಾರೆ. ನಿಜ, ನಮ್ಮದು ಎರಡೂ ಮಾರುತಗಳ ನಡುವೆ ಸಿಕ್ಕ ಪ್ರದೇಶ. ಮುಂಗಾರಿನ ಆರಂಭ ಇಲ್ಲಿ ತೆಳು. ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿಂಗಾರು ಅಕ್ಟೋಬರ್ 20ರ ಆಸುಪಾಸು ಶುರುವಾಗಿ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ ಒಳಗೆ ಬರುತ್ತದೆ. ಬದಲಾಗುತ್ತಿರುವುದು ಮಳೆಯ ಹೆಸರಲ್ಲ, ಅದು ಸುರಿಯುವ ರೀತಿ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಕೊಲ್ಲಿಯ ನೀರು ಬಿಸಿಯಾದಂತೆ ಅಲ್ಲಿಂದ ಬರುವ ಮೋಡದ ಹೊರೆಯೂ ಹೆಚ್ಚುತ್ತದೆ. ನಾಲ್ಕು ಹದ ಮಳೆಯಾಗಿ ಬರಬೇಕಾದದ್ದು ಎರಡು ದಿನದಲ್ಲಿ ಸುರಿದು, ಮುಂದೆ ಇಪ್ಪತ್ತು ದಿನ ಹನಿಯೂ ಬೀಳದಿರಬಹುದು. ವರ್ಷದ ಕೊನೆಗೆ ‘ವಾಡಿಕೆ ಮಳೆ’ ಎಂದೇ ದಾಖಲಾಗುತ್ತದೆ. ವಾರ್ಷಿಕ ಸರಾಸರಿಗಿಂತ ರೈತನ ಮಟ್ಟಿಗೆ ದೊಡ್ಡ ಸುಳ್ಳು ಇನ್ನೊಂದಿಲ್ಲ.

ಈಗ ರಾಗಿಯ ದಿನಗಳ ಲೆಕ್ಕಕ್ಕೆ ಬರೋಣ. ಮಳೆ ಕೈಕೊಡುತ್ತಿದೆ, ಆದ್ದರಿಂದ ಅಲ್ಪಾವಧಿ ತಳಿ ಹಾಕಿ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಯಾವಾಗ ಹಾಕಬೇಕು ಎಂಬುದನ್ನು ಹೇಳದಿದ್ದರೆ ಆ ಸಲಹೆಯೇ ಅಪಾಯ. ಆರಿದ್ರೆ ಮಳೆ ಚೆನ್ನಾಗಿ ಬಿತ್ತು ಎಂದು ಜೂನ್ 25ಕ್ಕೆ ಜಿಪಿಯು–48ರಂಥ 95–100 ದಿನದ ತಳಿ ಬಿತ್ತಿದರೆ ಅದು ಕೊಯ್ಲಿಗೆ ಬರುವುದು ಅಕ್ಟೋಬರ್ 1ರ ಸುಮಾರಿಗೆ, ಅಂದರೆ ವರ್ಷದ ಅತಿ ಹೆಚ್ಚು ಮಳೆಯ ನಡುವೆ. ಅದೇ ತಾರೀಕಿಗೆ 120–125 ದಿನದ ಎಂಆರ್–6 ಹಾಕಿದರೆ ಅಕ್ಟೋಬರ್ ಕೊನೆ, ಅದೂ ಸ್ವಾತಿ ಮಳೆಯ ಬಾಯಿಗೆ. 110–115 ದಿನದ ಜಿಪಿಯು–28 ಅನ್ನು ಜುಲೈ 20ಕ್ಕೆ ಬಿತ್ತಿದರೆ ನವೆಂಬರ್ 9ರ ಹೊತ್ತಿಗೆ ಕೊಯ್ಲು. ಆಗಸ್ಟ್ 5ಕ್ಕೆ ಬಿತ್ತಿದರೆ ನವೆಂಬರ್ 25. ಆಗಸ್ಟ್ 25ಕ್ಕೆ ಬಿತ್ತಿದ ಜಿಪಿಯು–48 ಡಿಸೆಂಬರ್ 1ಕ್ಕೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬ ಮಾತನ್ನು ನಂಬಿ ಇಡೀ ಹೊಲವನ್ನು ಜೂನ್‌ನಲ್ಲೇ ಮುಗಿಸುವವರು ಕೊಯ್ಲಿನ ತುದಿಯಿಂದ ಒಮ್ಮೆ ಹಿಂದಕ್ಕೆ ಎಣಿಸಿ ನೋಡಬೇಕು.

ಹಾಗೆಂದು ಎಲ್ಲವನ್ನೂ ಆಗಸ್ಟ್‌ಗೆ ತಳ್ಳಿದರೆ ಇನ್ನೊಂದು ತೊಡಕಿದೆ. ಆಗಸ್ಟ್ 5ರ ಪೈರು ಹೊಡೆ ಒಡೆಯುವುದು (ತೆನೆ ಹೊರಬರುವುದು) ಅಕ್ಟೋಬರ್‌ನಲ್ಲಿ. ಆಗ ಹಸ್ತ, ಚಿತ್ತೆ ಮಳೆ ಕೈಕೊಟ್ಟರೆ ತೆನೆ ಜೊಳ್ಳಾಗುತ್ತದೆ. ಅದಕ್ಕೇ ನಮ್ಮ ಸಲಹೆ: ಎರಡು ಎಕರೆ ಇದ್ದವರು ಎರಡನ್ನೂ ಒಂದೇ ವಾರದಲ್ಲಿ ಬಿತ್ತಬೇಡಿ. ಮೇಲಿನ ಕೆಂಪು ಮರಳು ಮಣ್ಣಿನ ತಾಕನ್ನು ಜುಲೈ ಎರಡನೇ ಅಥವಾ ಮೂರನೇ ವಾರಕ್ಕೆ ಮುಗಿಸಿ. ಅಲ್ಲಿ ನೀರು ಬೇಗ ಬಸಿಯುವುದರಿಂದ ನವೆಂಬರ್ ಮಳೆಯ ನಂತರ ಎರಡೇ ದಿನಕ್ಕೆ ಹೊಲಕ್ಕೆ ಕಾಲಿಡಬಹುದು. ತಗ್ಗಿನ, ಸ್ವಲ್ಪ ಎರೆಮಣ್ಣು ಬೆರೆತ ತಾಕನ್ನು ಆಗಸ್ಟ್ ಮೊದಲ ವಾರಕ್ಕೆ ಇಟ್ಟುಕೊಳ್ಳಿ. ತೇವ ಹಿಡಿದಿಡುವ ಗುಣ ಅಕ್ಟೋಬರ್ ಬಿಸಿಲಿಗೆ ಒದಗುತ್ತದೆ. ಎಕರೆಗೆ ಕೂರಿಗೆ ಬಿತ್ತನೆಗೆ 4 ಕೆ.ಜಿ. ಬೀಜ, ನಾಟಿಗೆ 2 ಕೆ.ಜಿ. ಸಾಕು. ತಡ ತಾಕಿಗೆ ಒಟ್ಲು (ಸಸಿಮಡಿ) ಬಿಟ್ಟುಕೊಂಡು 21–25 ದಿನದ ಪೈರು ನಾಟಿ ಮಾಡಿದರೆ ಮಳೆ ಒಂದು ವಾರ ಹಿಂದೆ ಮುಂದಾದರೂ ನಡೆಯುತ್ತದೆ.

ಪೈರು ಒರಗುವುದಕ್ಕೆ ಮಳೆ ಗಾಳಿಯಷ್ಟೇ ಯೂರಿಯಾ ಕೂಡ ಕಾರಣ ಎಂಬುದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ ಸುಮಾರು 20 ಕೆ.ಜಿ. ಸಾರಜನಕ, 16 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್. ಅಂಗಡಿ ಲೆಕ್ಕದಲ್ಲಿ ಅದು 35 ಕೆ.ಜಿ. ಡಿಎಪಿ, 17 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್, 30 ಕೆ.ಜಿ. ಯೂರಿಯಾ. ಈ 30ರಲ್ಲಿ 8 ಕೆ.ಜಿ. ಬಿತ್ತನೆಯ ಜೊತೆಗೇ ಹೋಗಬೇಕು. ಉಳಿದ 22 ಕೆ.ಜಿ. 30–35 ದಿನಕ್ಕೆ, ಎಡೆಕುಂಟೆ ಹೊಡೆದು ಕಳೆ ತೆಗೆದ ಮೇಲೆ, ತೇವ ಇದ್ದಾಗ ಮೇಲುಗೊಬ್ಬರ. ನಡೆಯುತ್ತಿರುವುದೇ ಬೇರೆ: ಆಗಸ್ಟ್ ಪೂರ್ತಿ ಒಣಗಿ, ಸೆಪ್ಟೆಂಬರ್‌ನಲ್ಲಿ ಒಂದು ಹದ ಮಳೆ ಬಿದ್ದ ಕೂಡಲೇ 45 ಕೆ.ಜಿ.ಯ ಇಡೀ ಚೀಲವನ್ನು ಎರಚಿಬಿಡುತ್ತಾರೆ, ಬೇಕಾದದ್ದರ ಎರಡರಷ್ಟು. ಪೊಟ್ಯಾಷ್ ಹಾಕಿರುವುದೇ ಇಲ್ಲ. ಪೈರು ಕಪ್ಪಗೆ, ಎತ್ತರಕ್ಕೆ, ನೋಡಲು ಚೆಂದ ಬರುತ್ತದೆ. ಕಾಂಡ ಮಾತ್ರ ಮೆತ್ತಗೆ. ತೆನೆ ತೂಕ ಹಿಡಿದ ಮೇಲೆ ಒಂದು ರಾತ್ರಿಯ ಮಳೆಗೆ ಚಾಪೆಯಾಗುತ್ತದೆ. ಕುತ್ತಿಗೆ ಬೆಂಕಿ ರೋಗಕ್ಕೂ ಈ ಹೆಚ್ಚಿನ ಸಾರಜನಕವೇ ಆಹ್ವಾನ. ಮೇಲುಗೊಬ್ಬರದ ಹೊತ್ತು ಒಣಗಿಹೋದರೆ ಅದನ್ನು ಬಿಟ್ಟುಬಿಡುವುದು ಲೇಸು; ತಡವಾಗಿ ದುಪ್ಪಟ್ಟು ಕೊಟ್ಟು ಸರಿದೂಗಿಸಲಾಗದು.

ಇನ್ನು ಮೊಳೆತ ರಾಗಿ. ರಾಗಿ ಕಾಳಿಗೆ ಬಲಿತ ಮೇಲೆ ನಿದ್ರಾವಸ್ಥೆ ಇಲ್ಲವೆನ್ನುವಷ್ಟು ಕಡಿಮೆ. ತೆನೆ ಎರಡು ಮೂರು ದಿನ ಒದ್ದೆಯಾಗೇ ಇದ್ದರೆ ಇಲುಕುಗಳ (ತೆನೆಯ ಬೆರಳುಗಳ) ಒಳಮೈಯಲ್ಲಿ, ಗಾಳಿ ಆಡದ ಕಡೆ, ಮೊದಲು ಬಿಳಿ ಚುಕ್ಕೆ ಕಾಣುತ್ತದೆ. ಮರುದಿನ ಅದು ಬೇರು. ಆಮೇಲೆ ಬಿಸಿಲು ಬಂದರೆ ಬೇರು ಒಣಗಿ ಒಕ್ಕಣೆಯಲ್ಲಿ ಉದುರಿಹೋಗುತ್ತದೆ. ರಾಶಿ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸಬಹುದು. ಹಿಟ್ಟು ಮಾಡಿಸಿದಾಗ ಗೊತ್ತಾಗುತ್ತದೆ: ಮುದ್ದೆ ಕಟ್ಟುವುದಿಲ್ಲ, ಕೋಲಿಗೆ ಅಂಟಿಕೊಂಡು ಸಡಿಲವಾಗೇ ಉಳಿಯುತ್ತದೆ. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆದಿರುತ್ತದೆ, ಗಟ್ಟಿಯಾಗಲು ಬೇಕಾದಷ್ಟು ಪಿಷ್ಟ ಉಳಿದಿರುವುದಿಲ್ಲ. ಪೇಟೆಯಲ್ಲಿ ಮೊಳಕೆ ಕಟ್ಟಿದ ರಾಗಿ ಹಿಟ್ಟಿಗೆ ಹೆಚ್ಚು ಬೆಲೆ ಇದೆಯಲ್ಲ ಎಂದು ಬುದ್ಧಿ ಹೇಳುವವರು, ಅದು ತೊಳೆದು ಅಳತೆಯಲ್ಲಿ ಮೊಳೆಸಿದ್ದು, ಇದು ಕೆಸರಿನಲ್ಲಿ ಬೂಷ್ಟಿನ ಜೊತೆ ಮೊಳೆತದ್ದು ಎಂಬುದನ್ನು ಮರೆಯಬಾರದು.

ಕೊಯ್ಯಬೇಕೆ, ಬಿಡಬೇಕೆ ಎಂಬ ಪ್ರಶ್ನೆಯಲ್ಲೇ ಹೆಚ್ಚು ನಷ್ಟ. ಮೋಡ ಕಟ್ಟಿದ ಕೂಡಲೇ ಗಾಬರಿಯಲ್ಲಿ ಕೊಯ್ದು ಕೂಳೆಯ (ಕೊಯ್ದುಳಿದ ಮೋಟಿನ) ಮೇಲೆ ಹರಡಿದರೆ, ನಿಂತ ಪೈರಿಗಿಂತ ಬೇಗ ಅದೇ ಮೊಳೆಯುತ್ತದೆ, ಏಕೆಂದರೆ ತೆನೆ ನೆಲದ ತೇವಕ್ಕೆ ತಾಗಿರುತ್ತದೆ. ನೆಟ್ಟಗೆ ನಿಂತ ಪೈರಿನ ತೆನೆ ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತದೆ. ಆದ್ದರಿಂದ ಮುಂದಿನ ಮೂರು ನಾಲ್ಕು ದಿನ ಮಳೆ ಇಲ್ಲ ಎಂಬ ಮುನ್ಸೂಚನೆ ಇದ್ದರೆ ಮಾತ್ರ ಬುಡಸಮೇತ ಕೊಯ್ಲು. ಕೃಷಿ ಹವಾಮಾನ ವಿಭಾಗದ ಸಲಹೆ ಪ್ರತಿ ಮಂಗಳವಾರ, ಶುಕ್ರವಾರ ಬರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಪೈರು ಆಗಲೇ ಒರಗಿದ್ದು, ಮಳೆಯೂ ಮುಂದಿದ್ದರೆ ತೆನೆ ಮಾತ್ರ ಕುಯ್ದು ತಂದು, ಸೂರಿನಡಿ ಮೂರು ನಾಲ್ಕು ಅಂಗುಲ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ದಿನಕ್ಕೆ ಎರಡು ಸಲ ತಿರುವಬೇಕು. ಹುಲ್ಲನ್ನು ಆಮೇಲೆ ಕೊಯ್ದರಾಯಿತು. ಕೂಲಿ ಹೆಚ್ಚು ಬೀಳುತ್ತದೆ, ಸುಳ್ಳಲ್ಲ. ಆದರೆ ಒರಗಿದ ಪೈರನ್ನು ಕಟಾವು ಯಂತ್ರ ಎತ್ತುವುದಿಲ್ಲ, ಒದ್ದೆ ಹೊಲಕ್ಕೆ ಇಳಿಯುವುದೂ ಇಲ್ಲ; ಯಂತ್ರ ಬರುತ್ತದೆಂದು ಕಾದವರಿಗೆ ಕಾಳು, ಹುಲ್ಲು ಎರಡೂ ಇಲ್ಲವಾಗುತ್ತದೆ.

ಕೊಯ್ದ ಪೈರನ್ನು ಮೆದೆ ಒಟ್ಟುವುದರಲ್ಲೂ ಹಳೆಯ ಕ್ರಮ ಮರೆತುಹೋಗುತ್ತಿದೆ. ಕಲ್ಲು ಅಥವಾ ಮರದ ತುಂಡು ಹಾಸಿ ನೆಲದಿಂದ ಒಂದಡಿ ಎತ್ತರ, ಸಿವುಡಿನ (ಪೈರಿನ ಕಟ್ಟಿನ) ತೆನೆ ಒಳಕ್ಕೆ, ಬುಡ ಹೊರಕ್ಕೆ, ನಡುವೆ ಸದಾ ಎತ್ತರ ಇರುವಂತೆ ಒಟ್ಟಿದರೆ ಬಿದ್ದ ನೀರು ಬುಡದ ಕಡೆಯಿಂದಲೇ ಜಾರಿ ಹೊರಗೆ ಹೋಗುತ್ತದೆ. ಈಗ ಟಾರ್ಪಾಲಿನ್ ಇದೆಯೆಂದು ಹೇಗೆಂದರೆ ಹಾಗೆ ಗುಡ್ಡೆ ಹಾಕಿ, ನಾಲ್ಕೂ ಕಡೆ ನೆಲದವರೆಗೆ ಎಳೆದು ಬಿಗಿಯುತ್ತಾರೆ. ಹಸಿ ಹುಲ್ಲಿನ ಆವಿ ಹೊರಹೋಗದೆ ಒಳಗೇ ಬೇಯುತ್ತದೆ. ಹತ್ತು ದಿನದಲ್ಲಿ ಮುಗ್ಗಲು ವಾಸನೆ, ಕಾಳು ಕಪ್ಪು, ಹುಲ್ಲನ್ನು ಹಸು ಮೂಸಿ ಬಿಡುತ್ತದೆ. ಹಾಲಿನ ದುಡ್ಡಿನಿಂದಲೇ ಸಂಸಾರ ನಡೆಯುವ ಈ ಜಿಲ್ಲೆಗಳಲ್ಲಿ ಹುಲ್ಲು ಕೆಟ್ಟರೆ ಅರ್ಧ ಬೆಳೆ ಕೆಟ್ಟಂತೆ. ಟಾರ್ಪಾಲಿನ್ ನೆತ್ತಿ ಮುಚ್ಚಲಿ, ಪಕ್ಕ ತೆರೆದಿರಲಿ. ಒಟ್ಟಿದ ಎರಡು ದಿನಕ್ಕೆ ಮೊಣಕೈವರೆಗೆ ಕೈ ತೂರಿಸಿ ನೋಡಿ, ಬೆಚ್ಚಗಿದ್ದರೆ ಮೆದೆ ಬಿಚ್ಚಿ ಒಣಗಿಸಲೇಬೇಕು. ಕೃಷಿ ಇಲಾಖೆ ರಿಯಾಯಿತಿ ದರದಲ್ಲಿ ಕೊಡುವ ಟಾರ್ಪಾಲಿನ್ ಅಕ್ಟೋಬರ್ ಮೊದಲ ವಾರದೊಳಗೆ ರೈತ ಸಂಪರ್ಕ ಕೇಂದ್ರಗಳಿಗೆ ಬರಬೇಕು; ಸಂಕ್ರಾಂತಿಗೆ ಬಂದರೆ ಅದು ಮನೆ ಸೋರುವುದಕ್ಕೆ ಅಷ್ಟೇ.

ಶಿರಾ, ಪಾವಗಡ, ಮಧುಗಿರಿಯ ಶೇಂಗಾದ ಕತೆ ಇದರ ಇನ್ನೊಂದು ಮುಖ. ಅಲ್ಲಿ ಹೂವು ಸೂಜಿಯಾಗಿ ಮಣ್ಣಿಗೆ ಇಳಿಯುವ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ನೆಲ ಗಟ್ಟಿಯಾದರೆ ಸೂಜಿ ಮೇಲೇ ಒಣಗುತ್ತದೆ. ಎಕರೆಗೆ 200 ಕೆ.ಜಿ. ಜಿಪ್ಸಂ ಕೊಟ್ಟು ಮಣ್ಣು ಏರಿಸುವುದು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ, ಅದೂ ತೇವ ಇದ್ದರೆ. ಜುಲೈ ಮಧ್ಯದ ಬಿತ್ತನೆ ನವೆಂಬರ್ ಮೊದಲ ವಾರಕ್ಕೆ ಕೀಳಲು ಬರುತ್ತದೆ. ಹಳೆಯ ಟಿಎಂವಿ–2 ತಳಿಯ ಬೀಜಕ್ಕೆ ನಿದ್ರಾವಸ್ಥೆ ಇಲ್ಲ. ಆ ವಾರ ಮಳೆ ಹಿಡಿದರೆ ನೆಲದೊಳಗೇ ಮೊಳೆಯುತ್ತದೆ. ಗಿಡದ ಹಸಿರು ನೋಡಿ ಕಾಯಬಾರದು. ನಾಲ್ಕಾರು ಗಿಡ ಕಿತ್ತು ಕಾಯಿ ಒಡೆದು, ಸಿಪ್ಪೆಯ ಒಳಮೈ ಮುಕ್ಕಾಲು ಪಾಲು ಕಾಯಿಗಳಲ್ಲಿ ಕಂದು ತಿರುಗಿದ್ದರೆ ಕೀಳುವ ಹೊತ್ತು ಬಂದಿದೆ. ಕೊನೆಯ ತಿಂಗಳು ಬಿಸಿಲಿಗೆ ಬೆಂದು ಆಮೇಲೆ ಒದ್ದೆಯಾದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ವಿಷದ ಶಿಲೀಂಧ್ರ ಸೇರುವ ಅಪಾಯ ಹೆಚ್ಚು. ಬುಡ ಮೇಲು ಮಾಡಿ ಸಾಲಾಗಿ ಒಣಗಿಸಿ, ಅಲುಗಿಸಿದರೆ ಕಾಳು ಗಲಗಲ ಎನ್ನುವವರೆಗೂ ಚೀಲಕ್ಕೆ ತುಂಬಬಾರದು.

ಟೊಮೆಟೊ, ಮಾವಿನ ವಿಷಯ ಬೇರೆಯದೇ ಪತ್ರ ಬೇಡುತ್ತದೆ, ಇಲ್ಲಿ ಬಿಡುತ್ತೇವೆ.

ವಿಮೆಯ ಮಾತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಿಂದ ಇದೆ. ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಪರಿಹಾರ ನಿಂತಿರುವುದು ಬೆಳೆ ಕಟಾವು ಪ್ರಯೋಗದ, ಅಂದರೆ ಆಯ್ದ ಹೊಲದ ಒಂದು ತುಂಡಿನ ಬೆಳೆ ಕೊಯ್ದು ತೂಗಿದ ಇಳುವರಿಯ ಮೇಲೆ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ ಲೆಕ್ಕ ಹಾಕಿದ ಮಿತಿಗಿಂತ ಪಂಚಾಯಿತಿಯ ಇಳುವರಿ ಕೆಳಗಿಳಿದರೆ ಹಣ. ಪ್ರಯೋಗದಲ್ಲಿ ತೂಗುವುದು ಕಾಳನ್ನು. ಮೊಳೆತು ಒಣಗಿದ ಕಾಳೂ ತಕ್ಕಡಿಗೆ ಕಾಳೇ; ಕಪ್ಪಾದದ್ದೂ ಕಾಳೇ. ಹಾಗಾಗಿ ಮಾರಲಾಗದ, ತಿನ್ನಲಾಗದ ರಾಗಿ ಕಾಗದದಲ್ಲಿ ‘ಇಳುವರಿ’ ಎಂದು ದಾಖಲಾಗಿ, ಪರಿಹಾರ ಕೈತಪ್ಪುತ್ತದೆ. ಕೊಯ್ಲೋತ್ತರ ನಷ್ಟಕ್ಕೆ ಬೇರೆ ಅವಕಾಶವೇನೋ ಇದೆ: ಕೊಯ್ದು ಹೊಲದಲ್ಲಿ ಹರಡಿದ ಅಥವಾ ಸಣ್ಣ ಕಟ್ಟು ಕಟ್ಟಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು. ಇದು ಎಲ್ಲ ಬೆಳೆಗೂ ಒಂದೇ ಅಳತೆಯ ಅಂಗಿ. ರಾಗಿಯನ್ನು ವಾರಗಟ್ಟಲೆ, ಕೆಲವೊಮ್ಮೆ ಎರಡು ತಿಂಗಳು ಮೆದೆಯಲ್ಲಿಟ್ಟು ಆಮೇಲೆ ಒಕ್ಕುವ ಪದ್ಧತಿ ಆ 14 ದಿನದಲ್ಲಿ ಹಿಡಿಸುವುದಿಲ್ಲ.

ಎರಡು ತಿದ್ದುಪಡಿ ಸಾಧ್ಯವಿದೆ. ಕಟಾವು ಪ್ರಯೋಗದ ನಮೂನೆಯಲ್ಲಿ ಮೊಳೆತ, ಬಣ್ಣಗೆಟ್ಟ ಕಾಳಿನ ಪ್ರಮಾಣಕ್ಕೆ ಒಂದು ಕಾಲಂ ಸೇರಿಸಿ, ಅಷ್ಟು ತೂಕವನ್ನು ಇಳುವರಿಯಿಂದ ಕಳೆಯಬೇಕು. ನೂರು ಕಾಳು ಎಣಿಸಲು ಹತ್ತು ನಿಮಿಷ ಸಾಕು. ಎರಡನೆಯದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಕೊಯ್ಲಿನ ದಿನಗಳಲ್ಲಿ ಸತತ ಮೂರು ದಿನ ಮಳೆ ದಾಖಲಾದ ಪಂಚಾಯಿತಿಗೆ ರೈತರು ಒಬ್ಬೊಬ್ಬರೇ ಫೋನು ಹಚ್ಚಿ ಕಾಯುವುದಕ್ಕಿಂತ ತಂಡವೇ ಸಮೀಕ್ಷೆಗೆ ಹೋಗಲಿ. ಮಳೆ ಬಂದ ಮೂರು ದಿನ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. 72 ಗಂಟೆ ಅಲ್ಲೇ ಮುಗಿಯುತ್ತದೆ. ವಿಕೋಪ ಪರಿಹಾರದಲ್ಲಿ ಶೇ 33 ಅಥವಾ ಹೆಚ್ಚು ನಷ್ಟವಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಎಂಬುದು 2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ. ಎಕರೆಗೆ ಹಾಕಿ ನೋಡಿದರೆ 3,400. ಅದು ಉಳುಮೆಯ ಖರ್ಚಿಗೂ ಸಾಲುವುದಿಲ್ಲ.

ಖರೀದಿ ಕೇಂದ್ರಗಳಲ್ಲಿ ರಾಗಿಗೆ 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ತೇವಾಂಶ ಶೇ 12 ಮೀರಬಾರದು. ಮಳೆ ವರ್ಷದಲ್ಲಿ ಬಣ್ಣಗೆಟ್ಟ ಕಾಳು ಎಂದು ಗಾಡಿ ವಾಪಸ್ಸು ಕಳಿಸಿದರೆ ಆ ರಾಗಿ ಅರ್ಧ ಬೆಲೆಗೆ ದಲ್ಲಾಳಿಯ ಪಾಲು. 2023ರಲ್ಲಿ ಅಕಾಲಿಕ ಮಳೆಗೆ ಸಿಕ್ಕ ಉತ್ತರದ ರಾಜ್ಯಗಳ ಗೋಧಿಗೆ ಕೇಂದ್ರ ಸರ್ಕಾರ ಗುಣಮಟ್ಟದ ನಿಯಮ ಸಡಿಲಿಸಿ ಖರೀದಿಸಿತು. ಬಣ್ಣ ಮಾತ್ರ ಕೆಟ್ಟು ಮೊಳೆಯದ, ಬೂಷ್ಟು ಹಿಡಿಯದ ರಾಗಿಗೂ ಅದೇ ರಿಯಾಯಿತಿ ಕೇಳಲು ರಾಜ್ಯ ಸರ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ಮೊಳೆತದ್ದನ್ನು ಪಡಿತರಕ್ಕೆ ಕೊಡಿ ಎಂದು ನಾವು ಕೇಳುತ್ತಿಲ್ಲ.

ಕೊನೆಯದಾಗಿ ಬೀಜ. ಕೊಯ್ಲಿನಲ್ಲಿ ನೆನೆದ ರಾಗಿ ನೋಡಲು ಚೆನ್ನಾಗಿದ್ದರೂ ಮುಂದಿನ ವರ್ಷ ಮೊಳೆಯದಿರಬಹುದು. ಇದು ಜುಲೈನಲ್ಲಿ, ಬಿತ್ತಿದ ಎಂಟು ದಿನದ ಮೇಲೆ ಗೊತ್ತಾದರೆ ಹದವೂ ಹೋಯಿತು, ಬೀಜವೂ ಹೋಯಿತು. ಮನೆ ಬೀಜ ಇಟ್ಟುಕೊಳ್ಳುವವರು ಮೇ ತಿಂಗಳಲ್ಲೇ ರಾಶಿಯ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಅದರಲ್ಲಿ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಬೇಕು. ಎಂಟನೇ ದಿನಕ್ಕೆ ಬೇರು, ಮೊಳಕೆ ಎರಡೂ ಸರಿಯಾಗಿ ಬಂದವನ್ನು ಎಣಿಸಿ. 75 ಮತ್ತು ಮೇಲಿದ್ದರೆ ಎಕರೆಗೆ 4 ಕೆ.ಜಿ.ಯೇ ಸಾಕು. 60ರ ಹತ್ತಿರವಿದ್ದರೆ 5 ಕೆ.ಜಿ. ಹಾಕಿ. 50ಕ್ಕಿಂತ ಕಡಿಮೆ ಇದ್ದರೆ ಅದನ್ನು ಬಿತ್ತುವ ಮಾತೇ ಬೇಡ, ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣಿತ ಬೀಜಕ್ಕೆ ಹೆಸರು ಬರೆಸಿ. ಇಲಾಖೆಯವರು ಇದೇ ಪರೀಕ್ಷೆಯನ್ನು ಪ್ರತಿ ಹೋಬಳಿಯ ಹತ್ತಿಪ್ಪತ್ತು ಮಾದರಿಗಳಲ್ಲಿ ಮಾರ್ಚ್‌ನಲ್ಲೇ ಮಾಡಿದರೆ, ಮಳೆ ವರ್ಷದ ಮರುವರ್ಷ ಯಾವ ತಾಲ್ಲೂಕಿಗೆ ಎಷ್ಟು ಬೀಜ ಹೆಚ್ಚು ಬೇಕೆಂಬ ಲೆಕ್ಕ ಬಿತ್ತನೆಗೆ ಮೂರು ತಿಂಗಳು ಮೊದಲೇ ಅವರ ಕೈಯಲ್ಲಿರುತ್ತದೆ.

– ಕೆಲವು ರಾಗಿ ಬೆಳೆಗಾರರು,
ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ